ಮೊದಲು ಗೊತ್ತಾಗುವುದು ರೂಮ್‌ಮೇಟ್‌ಗೆ: ನಮ್ಮ ಕುಲಪತಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕುಲಪತಿಗಳೇ,

ಕರ್ನಾಟಕದ ಎಲ್ಲ ವಿಶ್ವವಿದ್ಯಾಲಯಗಳ ಕುಲಪತಿಗಳಿಗೂ ಒಟ್ಟಿಗೆ ಈ ಪತ್ರ ಬರೆಯುತ್ತಿದ್ದೇನೆ. ಒಬ್ಬರಿಗೆ ಮಾತ್ರ ಬರೆದರೆ ಅದು ಒಂದು ಕ್ಯಾಂಪಸ್‌ನ ದೂರು ಅಂತ ಫೈಲು ಸೇರಿಬಿಡುತ್ತದೆ. ನಾನು ಹೇಳಬೇಕಾದ್ದು ಮೈಸೂರಿಗೂ ಸಲ್ಲುತ್ತದೆ, ಧಾರವಾಡಕ್ಕೂ, ಕಲಬುರಗಿಗೂ, ಜ್ಞಾನಭಾರತಿಗೂ, ಮಂಗಳಗಂಗೋತ್ರಿಗೂ.

ನಾನು ರಾಜ್ಯದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುತ್ತಿದ್ದೇನೆ. ಕ್ಯಾಂಪಸ್‌ನ ಮಹಿಳಾ ಹಾಸ್ಟೆಲ್‌ನಲ್ಲಿದ್ದೇನೆ. ನಮ್ಮ ವಿಭಾಗದ ಕೆಲವರು, ಬೇರೆ ವಿಭಾಗದ ಕೆಲವರು ಸೇರಿ ಮಾನಸಿಕ ಆರೋಗ್ಯದ ಬಗ್ಗೆ ಹಾಸ್ಟೆಲ್‌ಗಳಲ್ಲಿ ಮಾತಾಡುವ ಕೆಲಸ ಶುರುಮಾಡಿದ್ದೇವೆ. ರಾತ್ರಿ ಊಟ ಆದಮೇಲೆ ಮೆಸ್‌ನಲ್ಲೇ ಕೂರುತ್ತೇವೆ. ಬ್ಯಾನರ್ ಇಲ್ಲ, ಮೈಕ್ ಇಲ್ಲ. ಬರುವವರು ಬರುತ್ತಾರೆ, ಎದ್ದು ಹೋಗುವವರು ಹೋಗುತ್ತಾರೆ. ಈ ಮಾತುಕತೆಗಳಲ್ಲಿ ಒಂದು ವಿಷಯ ಮತ್ತೆ ಮತ್ತೆ ಕಿವಿಗೆ ಬಿತ್ತು. ಮನಸ್ಸು ಕುಸಿದಾಗ ವಿದ್ಯಾರ್ಥಿಗಳು ಮೊದಲು ಹೇಳಿಕೊಳ್ಳುವುದು ಇನ್ನೊಬ್ಬ ವಿದ್ಯಾರ್ಥಿಗೆ. ಅಪ್ಪ ಅಮ್ಮನಿಗೆ ಹೇಳುವುದಿಲ್ಲ, ಮೇಷ್ಟ್ರಿಗೆ ಹೇಳುವುದಿಲ್ಲ, ವಾರ್ಡನ್‌ಗಂತೂ ಬಾಯಿ ಬಿಡುವುದಿಲ್ಲ. ಆದರೆ ಕೇಳಿಸಿಕೊಂಡ ಆ ಇನ್ನೊಬ್ಬ ವಿದ್ಯಾರ್ಥಿಗೆ ಮುಂದೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ.

ಹೇಳಿಕೊಡಿ ಅಂತ ಕೇಳುವುದಕ್ಕೇ ಈ ಪತ್ರ. ಜೊತೆಗೆ, ಹಾಗೆ ಕೇಳಿಸಿಕೊಂಡವಳು ತನ್ನ ಗೆಳತಿಯನ್ನು ಕೈಹಿಡಿದು ಕರೆದುಕೊಂಡು ಹೋಗಲು ಕ್ಯಾಂಪಸ್‌ನಲ್ಲಿ ಒಂದು ಬಾಗಿಲು ತೆರೆದಿಡಿ.

ಈಗ ನಮ್ಮಲ್ಲಿ ಜಾಗೃತಿ ಅಂದರೆ ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನ. ಸಭಾಂಗಣದಲ್ಲಿ ದೀಪ ಬೆಳಗುತ್ತಾರೆ. ಅತಿಥಿಗಳಿಗೆ ಹೂಗುಚ್ಛ, ಪ್ರತಿಜ್ಞಾವಿಧಿ, ಭಾಷಣ, ಗುಂಪು ಫೋಟೋ. ಅಟೆಂಡೆನ್ಸ್ ಸಿಗುತ್ತದೆ ಅಂತ ಹುಡುಗರು ಬಂದು ಕೂರುತ್ತಾರೆ. ಫೋಟೋಗಳು ಸಂಸ್ಥೆಗಳಿಗೆ ಗ್ರೇಡ್ ಕೊಡುವ ನ್ಯಾಕ್‌ನ ಫೈಲಿಗೆ ಹೋಗುತ್ತವೆ. ಭಾಷಣ ಮಾಡಲು ಬಂದ ವೈದ್ಯರು ಒಳ್ಳೆಯವರೇ, ಅವರು ಹೇಳುವುದೂ ಸರಿಯೇ. ಆದರೆ ನಿಜವಾಗಿ ಕಷ್ಟದಲ್ಲಿರುವ ಹುಡುಗಿ ಆ ಹೊತ್ತಿನಲ್ಲಿ ಸಭಾಂಗಣದಲ್ಲಿ ಇರುವುದಿಲ್ಲ. ರೂಮಿನಲ್ಲಿ ಮುಸುಕು ಹಾಕಿ ಮಲಗಿರುತ್ತಾಳೆ. ಅವಳ ರೂಮ್‌ಮೇಟ್ ಇಲ್ಲಿ ಕೂತಿರುತ್ತಾಳೆ. ಕಾರ್ಯಕ್ರಮ ಮುಗಿಸಿ ಎದ್ದು ಹೋಗುವಾಗ ಈ ರೂಮ್‌ಮೇಟ್‌ಗೆ ಸಿಕ್ಕಿದ್ದೇನು? ಒತ್ತಡ ಮಾಡಿಕೊಳ್ಳಬೇಡಿ, ದಿನಾ ಯೋಗ ಮಾಡಿ, ಧನಾತ್ಮಕವಾಗಿ ಯೋಚಿಸಿ ಅನ್ನುವ ಮಾತುಗಳು. ರೂಮಿಗೆ ಹೋಗಿ ಅದನ್ನು ಅವಳು ಏನು ಮಾಡಬೇಕು?

ಆ ರೂಮ್‌ಮೇಟ್ ನೋಡಿದ್ದನ್ನು ಬೇರೆ ಯಾರೂ ನೋಡಿರುವುದಿಲ್ಲ. ಗೆಳತಿ ಮೊದಲು ಮೆಸ್‌ಗೆ ಬರುವುದನ್ನು ನಿಲ್ಲಿಸುತ್ತಾಳೆ. "ಹಸಿವಿಲ್ಲ, ನೀನು ಹೋಗು" ಅನ್ನುತ್ತಾಳೆ. ರಾತ್ರಿ ಮೂರು ಗಂಟೆಗೂ ಅವಳ ಫೋನಿನ ಬೆಳಕು ಕಾಣುತ್ತದೆ. ಬೆಳಗ್ಗೆ ಕ್ಲಾಸಿಗೆ ಏಳುವುದಿಲ್ಲ. ಬಕೆಟ್‌ನಲ್ಲಿ ನೆನೆಹಾಕಿದ ಬಟ್ಟೆ ಅಲ್ಲೇ ಇರುತ್ತದೆ. ತಲೆನೋವು, ಹೊಟ್ಟೆನೋವು ಅಂತ ಪದೇ ಪದೇ ಹೆಲ್ತ್ ಸೆಂಟರ್‌ಗೆ ಹೋಗಿ ಮಾತ್ರೆ ತರುತ್ತಾಳೆ. ಅಲ್ಲಿ ಯಾರೂ ನಿದ್ದೆಯ ಬಗ್ಗೆ ಕೇಳುವುದಿಲ್ಲ. ಮನೆಯಿಂದ ಫೋನ್ ಬಂದರೆ ಮಾತ್ರ ದನಿ ಬದಲಾಗುತ್ತದೆ: "ಚೆನ್ನಾಗಿದೀನಮ್ಮ, ಊಟ ಆಯ್ತು." ಹುಡುಗರ ಹಾಸ್ಟೆಲ್‌ನಲ್ಲಿ ಇದೇ ಸಂಕಟ ಬೇರೆ ವೇಷದಲ್ಲಿ ಬರುತ್ತದೆ. ಸಿಟ್ಟು, ಕುಡಿತ, ಸುಮ್ಸುಮ್ನೆ ಜಗಳ, ಆನ್‌ಲೈನ್ ಬೆಟ್ಟಿಂಗ್, ಅದಕ್ಕಾಗಿ ಮಾಡಿದ ಸಾಲ. ಅಲ್ಲಿ ಯಾರೂ "ಅವನಿಗೆ ಹುಷಾರಿಲ್ಲ" ಅನ್ನುವುದಿಲ್ಲ. "ಅವನು ಹಾಳಾದ" ಅನ್ನುತ್ತಾರೆ, ಅಷ್ಟೇ.

ರೂಮ್‌ಮೇಟ್ ತನಗೆ ತಿಳಿದದ್ದನ್ನು ಮಾಡುತ್ತಾಳೆ. "ಜಾಸ್ತಿ ಯೋಚನೆ ಮಾಡ್ಬೇಡ ಕಣೆ" ಅನ್ನುತ್ತಾಳೆ. ಸಿನಿಮಾಕ್ಕೆ ಎಳೆದುಕೊಂಡು ಹೋಗುತ್ತಾಳೆ, ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತಾಳೆ. ಗೆಳತಿ ಒಂದು ರಾತ್ರಿ ಎಲ್ಲ ಹೇಳಿಕೊಂಡು, ಯಾರಿಗೂ ಹೇಳಬಾರದು ಅಂತ ಆಣೆ ಹಾಕಿಸಿಕೊಂಡರೆ ಆಣೆ ಹಾಕುತ್ತಾಳೆ. ಆಮೇಲೆ ತಾನೂ ನಿದ್ದೆಗೆಡುತ್ತಾಳೆ. ಗೆಳತಿ ಬಾತ್‌ರೂಮಿಗೆ ಎದ್ದು ಹೋದರೂ ಕಿವಿ ಅತ್ತಲೇ ಇರುತ್ತದೆ. ಇಪ್ಪತ್ತು ವರ್ಷದ ಹುಡುಗಿಯ ಮೇಲೆ ಎಷ್ಟು ದೊಡ್ಡ ಭಾರ ಇದು, ಯೋಚಿಸಿ ನೋಡಿ. ಈ ಭಾರ ನಿಮ್ಮ ಪ್ರತಿ ಹಾಸ್ಟೆಲ್‌ನಲ್ಲಿ ಈ ಹೊತ್ತೂ ಯಾರೋ ಒಬ್ಬರು ಹೊತ್ತಿದ್ದಾರೆ.

ಅವಳಿಗೆ ಕಲಿಸಬೇಕಾದ್ದು ಬಹಳ ಇಲ್ಲ. ಶುರುಮಾಡಲು ಅರ್ಧ ದಿನದ ತರಬೇತಿ ಸಾಕು. ಇದಕ್ಕೆ ಗೇಟ್‌ಕೀಪರ್ ತರಬೇತಿ ಅನ್ನುತ್ತಾರೆ. ಜಗತ್ತಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಇದು ನಡೆಯುತ್ತದೆ. ನಮ್ಮ ನಿಮ್ಹಾನ್ಸ್ ಕೂಡ ಇಂಥ ತರಬೇತಿ ಕೊಡುತ್ತದೆ. ಅಲ್ಲಿ ಕಲಿಸುವುದು ಸರಳ ವಿಷಯಗಳನ್ನು. ಬದಲಾವಣೆಯನ್ನು ಗುರುತಿಸಬೇಕು. ಉಪದೇಶ ಮಾಡದೆ ಕೇಳಿಸಿಕೊಳ್ಳಬೇಕು. ಎಲ್ಲಕ್ಕಿಂತ ಕಷ್ಟದ ಪ್ರಶ್ನೆಯನ್ನು ನೇರವಾಗಿ ಕೇಳಬೇಕು: "ಬದುಕೋದೇ ಬೇಡ ಅನ್ನಿಸ್ತಿದೆಯಾ?" ಈ ಪ್ರಶ್ನೆ ಕೇಳಲು ನಮಗೆಲ್ಲ ಭಯ. ಕೇಳಿಬಿಟ್ಟರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತೆ ಅಂತ ಮೇಷ್ಟ್ರುಗಳೂ ನಂಬಿದ್ದಾರೆ. ಅದು ತಪ್ಪು ನಂಬಿಕೆ. ಕಾಳಜಿಯಿಂದ ಕೇಳುವುದು ಯಾರನ್ನೂ ಆ ದಾರಿಗೆ ತಳ್ಳುವುದಿಲ್ಲ, ಹೇಳಿಕೊಳ್ಳಲು ಜಾಗ ಸಿಕ್ಕಿತು ಅಂತ ಎಷ್ಟೋ ಸಲ ಅವರ ಎದೆ ಹಗುರವಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಉತ್ತರ "ಹೌದು" ಅಂತ ಬಂದರೆ ಗುಟ್ಟಿನ ಆಣೆ ಹಾಕಬಾರದು, ಅವಳನ್ನು ಒಬ್ಬಳೇ ಬಿಡಬಾರದು. ನೆರವು ಕೊಡುವವರ ಹತ್ತಿರ ಜೊತೆಯಲ್ಲೇ ಹೋಗಬೇಕು. ರಾತ್ರಿ ಹೊತ್ತಾಗಿದ್ದರೆ ಪಕ್ಕದಲ್ಲಿ ಕೂತು 14416ಕ್ಕೆ ಫೋನ್ ಮಾಡಿಸಬೇಕು.

ಆ ನಂಬರ್ ಟೆಲಿ ಮಾನಸ್‌ನದು. 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಸಹಾಯವಾಣಿ. ಅದರ ಮುಂದಾಳು ಸಂಸ್ಥೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಕರೆ ಮಾಡಿ ಕನ್ನಡ ಆರಿಸಿಕೊಂಡರೆ ಕನ್ನಡದಲ್ಲಿ ಮಾತಾಡುವ ಆಪ್ತಸಮಾಲೋಚಕರು ಸಿಗುತ್ತಾರೆ. ಅವರಿಂದ ಆಗದಿದ್ದರೆ ತಜ್ಞರಿಗೆ ಜೋಡಿಸುತ್ತಾರೆ, ಹತ್ತಿರದ ಆಸ್ಪತ್ರೆಯ ದಾರಿ ಹೇಳುತ್ತಾರೆ. ಇಷ್ಟು ಒಳ್ಳೆಯ ವ್ಯವಸ್ಥೆ ನಮ್ಮ ಊರಿನಿಂದಲೇ ನಡೆಯುತ್ತಿದೆ. ಆದರೂ ನಾವು ಹಾಸ್ಟೆಲ್‌ಗಳಲ್ಲಿ ಕೇಳಿದಾಗ ಆ ನಂಬರ್ ಗೊತ್ತಿದ್ದವರು ತೀರಾ ಕಡಿಮೆ. ರ‍್ಯಾಗಿಂಗ್ ವಿರೋಧಿ ನಂಬರ್ ಮಾತ್ರ ಎಲ್ಲರಿಗೂ ಗೊತ್ತಿತ್ತು. ಯಾಕೆ? ಅದನ್ನು ಪ್ರತಿ ಗೋಡೆಯ ಮೇಲೂ ಬರೆಸಿದ್ದೀರಿ. ಮನಸ್ಸು ಮಾಡಿದರೆ ನಿಮ್ಮಿಂದ ಆಗುತ್ತದೆ.

ತಜ್ಞರ ಕೆಲಸವನ್ನು ವಿದ್ಯಾರ್ಥಿಗಳ ಕೈಗೆ ಕೊಡುವುದಾ ಅಂತ ನಿಮ್ಮಲ್ಲಿ ಕೆಲವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಇದಕ್ಕೆ ಉತ್ತರ ನಮ್ಮ ರಾಜ್ಯದ ಚರಿತ್ರೆಯಲ್ಲೇ ಇದೆ. 1985ರ ಸುಮಾರಿಗೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಶುರುಮಾಡಿತು. ಹಳ್ಳಿ ಹಳ್ಳಿಗೆ ಕಳಿಸಲು ಮನೋವೈದ್ಯರು ಎಲ್ಲಿದ್ದರು? ಹಾಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. ಮನೆಮನೆಗೆ ಹೋಗುವ ಕಾರ್ಯಕರ್ತರು ಗುರುತಿಸುವುದು, ಕೇಂದ್ರದ ವೈದ್ಯರು ಚಿಕಿತ್ಸೆ ಶುರುಮಾಡುವುದು, ಕಷ್ಟದ ಕೇಸುಗಳನ್ನು ಮಾತ್ರ ತಜ್ಞರಿಗೆ ಕಳಿಸುವುದು. ಅದು ಬಳ್ಳಾರಿ ಮಾದರಿ ಅಂತಲೇ ಹೆಸರಾಯಿತು. 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದಾಗ ಇಡೀ ದೇಶಕ್ಕೆ ಅದೇ ಬುನಾದಿ ಆಯಿತು. ತಜ್ಞರು ಸಾಲದ ಕಡೆ ಜನರ ನಡುವೆ ಇರುವವರನ್ನೇ ತಯಾರು ಮಾಡಬೇಕು ಅಂತ ದೇಶಕ್ಕೆ ತೋರಿಸಿದ್ದು ನಮ್ಮ ಬಳ್ಳಾರಿ. ಹಾಸ್ಟೆಲ್‌ನಲ್ಲಿ ಹಾಗೆ ನಡುವೆ ಇರುವವರು ನಾವು. ನಮಗೆ ಚಿಕಿತ್ಸೆ ಕೊಡುವ ಆಸೆ ಇಲ್ಲ. ಗುರುತಿಸಿ, ಜೊತೆಯಲ್ಲಿ ನಿಂತು, ಸರಿಯಾದವರ ಹತ್ತಿರ ತಲುಪಿಸುವಷ್ಟು ಕಲಿತರೆ ಸಾಕು.

ಆ ತಲುಪಿಸುವ ಕೆಲಸ ಎಷ್ಟು ಬಾಕಿ ಇದೆ ಅನ್ನುವುದಕ್ಕೆ ಎರಡು ಲೆಕ್ಕ ಹೇಳುತ್ತೇನೆ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಕಾಯಿಲೆ ಯಾವುದು ಅನ್ನುವುದರ ಮೇಲೆ ಶೇ 70ರಿಂದ 92ರಷ್ಟು ಜನರಿಗೆ ಬೇಕಾದ ಚಿಕಿತ್ಸೆ ಸಿಗುತ್ತಿರಲಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ (ಎನ್‌ಸಿಆರ್‌ಬಿ) ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಹೋದ ವಿದ್ಯಾರ್ಥಿಗಳು 13,044. ಒಂದೊಂದು ಸಾವಿನ ಹಿಂದೆಯೂ ಒಬ್ಬ ರೂಮ್‌ಮೇಟ್, ಒಬ್ಬ ಬೆಂಚ್‌ಮೇಟ್, ಒಬ್ಬ ಊರಿನ ಗೆಳೆಯ ಇದ್ದಿರಬೇಕು ಅಲ್ವಾ? ಅವರಲ್ಲಿ ಎಷ್ಟು ಜನಕ್ಕೆ ಏನೋ ಸರಿಯಿಲ್ಲ ಅಂತ ಮೊದಲೇ ಅನ್ನಿಸಿತ್ತೋ. ಆ ಅನ್ನಿಸಿಕೆಯನ್ನು ಎಲ್ಲಿಗೆ ಒಯ್ಯಬೇಕು ಅಂತ ತಿಳಿಯದೇ ಇದ್ದದ್ದು ಅವರ ತಪ್ಪಲ್ಲ.

ಇನ್ನು ನಾನು ಮೊದಲು ಕೇಳಿದ ಬಾಗಿಲಿನ ಮಾತು, ಅಂದರೆ ಕ್ಯಾಂಪಸ್‌ನಲ್ಲಿ ನೆರವು ಸಿಗುವ ಜಾಗದ ಮಾತು. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ವಿಶಾಖಪಟ್ಟಣದಲ್ಲಿ ನೀಟ್‌ಗೆ ತಯಾರಾಗುತ್ತಿದ್ದ ಒಬ್ಬ ಹುಡುಗಿಯ ಸಾವಿನ ಪ್ರಕರಣ ಅದು. ನ್ಯಾಯಮೂರ್ತಿ ವಿಕ್ರಮ್ ನಾಥ್ ಮತ್ತು ನ್ಯಾಯಮೂರ್ತಿ ಸಂದೀಪ್ ಮೆಹ್ತಾ ಅವರ ಪೀಠ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ 15 ಮಾರ್ಗಸೂಚಿ ಕೊಟ್ಟಿದೆ. ಕಾನೂನು ಬರುವವರೆಗೆ ಅವನ್ನು ಪಾಲಿಸಲೇಬೇಕು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹತೆ ಇರುವ ಒಬ್ಬ ಆಪ್ತಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಸಾಮಾಜಿಕ ಕಾರ್ಯಕರ್ತರೋ ಇರಬೇಕು. ಬೋಧಕ, ಬೋಧಕೇತರ ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಆಗಬೇಕು. ಟೆಲಿ ಮಾನಸ್ ನಂಬರನ್ನು ಹಾಸ್ಟೆಲ್‌ಗಳಲ್ಲಿ, ತರಗತಿಗಳಲ್ಲಿ, ವೆಬ್‌ಸೈಟ್‌ಗಳಲ್ಲಿ ದೊಡ್ಡದಾಗಿ ಹಾಕಬೇಕು. ಅದಕ್ಕೂ ಮುಂಚೆ, ಅದೇ ವರ್ಷದ ಮಾರ್ಚ್‌ನಲ್ಲಿ, ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಆಗುತ್ತಿರುವ ವಿದ್ಯಾರ್ಥಿಗಳ ಸಾವುಗಳ ಕಾರಣ ಹುಡುಕಲು ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಕಾರ್ಯಪಡೆಯನ್ನೂ ರಚಿಸಿತ್ತು. ಹಾಗಾಗಿ ನಾನು ಕೇಳುತ್ತಿರುವುದು ದಯೆ ದಾಕ್ಷಿಣ್ಯದ ವಿಷಯವಲ್ಲ. ನೀವು ಮಾಡಲೇಬೇಕಾದ ಕೆಲಸ.

ಆದರೆ ನೇಮಕ ಆದರೆ ಸಾಲದು. ನಾನು ನೋಡಿದ ಒಂದು ಕೌನ್ಸೆಲಿಂಗ್ ಕೊಠಡಿಯ ವಿಷಯ ಹೇಳುತ್ತೇನೆ, ಊರು ಹೆಸರು ಬೇಡ. ಅದು ಆಡಳಿತ ಕಟ್ಟಡದಲ್ಲಿತ್ತು, ಶಿಸ್ತು ಸಮಿತಿ ಕೂರುವ ಕೊಠಡಿಯ ಪಕ್ಕದಲ್ಲೇ. ಒಳಗೆ ಹೋಗುವ ಮುಂಚೆ ಒಂದು ರಿಜಿಸ್ಟರ್‌ನಲ್ಲಿ ಹೆಸರು, ವಿಭಾಗ, ಬಂದ ಕಾರಣ ಬರೆಯಬೇಕಿತ್ತು. ರಿಜಿಸ್ಟರ್ ಹೊರಗಿನ ಮೇಜಿನ ಮೇಲೇ ಇತ್ತು, ಯಾರು ಬೇಕಾದರೂ ತಿರುಗಿಸಿ ನೋಡಬಹುದಿತ್ತು. ಒಳಗೆ ಕೂತವರು ಪಾಠ ಮಾಡುವ ಅಧ್ಯಾಪಕರೇ. ಬೆಳಗ್ಗೆ ಇಂಟರ್ನಲ್ಸ್ ಅಂಕ ಕೊಡುವವರ ಮುಂದೆ ಮಧ್ಯಾಹ್ನ ಯಾರು ಅಳುತ್ತಾರೆ? ಸಮಯ ಹತ್ತೂವರೆಯಿಂದ ನಾಲ್ಕೂವರೆ, ಅಂದರೆ ಸರಿಯಾಗಿ ಕ್ಲಾಸಿನ ಹೊತ್ತು. ಅಲ್ಲಿಗೆ ಹೋದರೆ ಅಟೆಂಡೆನ್ಸ್ ಹೋಗುತ್ತದೆ. ವಿದ್ಯಾರ್ಥಿಗಳು ಬರುವುದೇ ಇಲ್ಲ, ಅವರಿಗೆ ಬೇಕಾಗಿಲ್ಲ ಅಂತ ವರ್ಷದ ಕೊನೆಗೆ ವರದಿ ಬರೆದರು. ನನಗೆ ಅದನ್ನು ಓದಿ ತುಂಬ ಸಂಕಟವಾಯಿತು.

ಕೊಠಡಿ ಲೈಬ್ರರಿ ಕಡೆಯೋ ಹೆಲ್ತ್ ಸೆಂಟರ್ ಕಡೆಯೋ ಇರಲಿ, ಬಂದವರು ಯಾಕೆ ಬಂದರು ಅಂತ ನೋಡಿದವರಿಗೆ ತಿಳಿಯದಂತೆ. ಸಂಜೆ ಏಳರವರೆಗೆ ತೆರೆದಿರಲಿ. ಪಾಠವೂ ಮಾಡದ, ಅಂಕವೂ ಕೊಡದ, ವಾರ್ಡನ್ ಕೂಡ ಆಗಿರದ ಒಬ್ಬರು ಅಲ್ಲಿರಲಿ. ಗೌರವಧನದ ಮೇಲೆ ವಾರಕ್ಕೆ ಎರಡು ದಿನ ಬಂದು ಹೋಗುವವರು ಬೇಡ, ಪೂರ್ತಿ ಸಮಯದವರು ಬೇಕು. ಹೇಳಿದ್ದು ಅಲ್ಲೇ ಉಳಿಯುತ್ತದೆ, ಜೀವಕ್ಕೆ ಅಪಾಯ ಇದ್ದಾಗ ಮಾತ್ರ ಬೇರೆಯವರಿಗೆ ತಿಳಿಸುತ್ತೇವೆ ಅಂತ ಬಾಗಿಲ ಮೇಲೆಯೇ ಬರೆದು ಹಾಕಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಚಿಕಿತ್ಸೆ ಪಡೆಯುವವರಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಕ್ಯಾಂಪಸ್‌ನ ಕೊಠಡಿಗೂ ಅದೇ ನಿಯಮ ಇರಲಿ.

ಕೌನ್ಸೆಲರ್ ಬಂದ ತಕ್ಷಣ ಎಲ್ಲ ಸರಿಹೋಗುತ್ತದೆ ಅಂತ ನಾನು ನಂಬಿಲ್ಲ. ವಿದ್ಯಾರ್ಥಿಗಳ ಸಂಕಟದಲ್ಲಿ ಒಂದು ಪಾಲು ವಿಶ್ವವಿದ್ಯಾಲಯವೇ ಮಾಡಿದ್ದು. ಕಠಿಣವಾಗಿ ಕೇಳಿಸಬಹುದು, ಆದರೂ ಹೇಳಬೇಕು. ಪರೀಕ್ಷೆ ಮುಗಿದು ತಿಂಗಳುಗಟ್ಟಲೆ ಫಲಿತಾಂಶ ಇಲ್ಲ. ಬಂದ ದಿನ ಹಾಜರಾದವರಿಗೂ ಗೈರು ಅಂತ ತೋರಿಸುತ್ತದೆ. ಅದನ್ನು ಸರಿಮಾಡಿಸಲು ಕಾಲೇಜಿನಿಂದ ವಿಶ್ವವಿದ್ಯಾಲಯಕ್ಕೆ, ವಿಶ್ವವಿದ್ಯಾಲಯದಿಂದ ಕಾಲೇಜಿಗೆ ಓಡಾಟ. ಸ್ಕಾಲರ್‌ಶಿಪ್ ಬರುವ ಮುಂಚೆಯೇ ಪರೀಕ್ಷಾ ಶುಲ್ಕದ ಕೊನೆಯ ದಿನ ಬರುತ್ತದೆ. ಹತ್ತನೇ ತರಗತಿವರೆಗೆ, ಎಷ್ಟೋ ಜನ ಪಿಯುಸಿವರೆಗೆ, ಕನ್ನಡದಲ್ಲೇ ಓದಿ ಬಂದವರು. ಮೊದಲ ಸೆಮಿಸ್ಟರ್‌ನಲ್ಲೇ ಇಂಗ್ಲಿಷ್ ಪಾಠ ತಲೆಗೆ ಹತ್ತದೆ ಹಿಂದಿನ ಬೆಂಚಿನಲ್ಲಿ ಸುಮ್ಮನಾಗುತ್ತಾರೆ. ಅವರಲ್ಲಿ ಅನೇಕರು ಮನೆಗೆ ಮೊದಲ ಪದವೀಧರರು. ಅಪ್ಪ ಸಾಲ ಮಾಡಿ ಕಳಿಸಿರುತ್ತಾರೆ. ಅರ್ಥವಾಗುತ್ತಿಲ್ಲ ಅಂತ ಯಾರಿಗೆ ಹೇಳಬೇಕು? ಅವರ ಜಾತಿ ಕೇಳಿ ಮಾತಿನ ಧಾಟಿ ಬದಲಿಸುವವರು ಕ್ಲಾಸಿನಲ್ಲೂ ಇದ್ದಾರೆ, ಸ್ಟಾಫ್‌ರೂಮಿನಲ್ಲೂ ಇದ್ದಾರೆ. ಇದಕ್ಕೆಲ್ಲ ಉಸಿರಾಟದ ವ್ಯಾಯಾಮ ಹೇಳಿಕೊಟ್ಟರೆ ಏನು ಬಂತು? ಗಾಯ ಮಾಡುವುದನ್ನು ನಿಲ್ಲಿಸದೆ ಮುಲಾಮು ಹಂಚಿದಂತೆ ಆಗುತ್ತದೆ.

ಒಂದು ಉದಾಹರಣೆ ನೋಡಿ. ಎಸ್‌ಎಸ್‌ಎಲ್‌ಸಿ, ಪಿಯುಸಿಗೆ ನಮ್ಮ ರಾಜ್ಯದಲ್ಲಿ 2023-24ನೇ ಸಾಲಿನಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಂತು. ಪರೀಕ್ಷೆ 1 ಹೋದರೆ 2 ಇದೆ. ಅದರ ಬಗ್ಗೆ ಬೇರೆ ಟೀಕೆಗಳು ಇರಬಹುದು. ಆದರೆ ಒಂದು ವಿಷಯದಲ್ಲಿ ಫೇಲ್ ಆದ ಮಗುವಿಗೆ ಕೆಲವೇ ವಾರಗಳಲ್ಲಿ ಇನ್ನೊಂದು ದಾರಿ ಕಾಣುತ್ತದೆ. ಅದೇ ಮಗು ಡಿಗ್ರಿಗೆ ಬಂದರೆ, ಹೋದ ಒಂದು ಪೇಪರ್ ಬರೆಯಲು ಬಹಳಷ್ಟು ಕಡೆ ಮತ್ತೆ ಆ ಸೆಮಿಸ್ಟರ್ ಬರುವವರೆಗೆ ಕಾಯಬೇಕು. ಕೊನೆಯ ವರ್ಷದವರಿಗೆ ಅಷ್ಟರಲ್ಲಿ ಸಿಕ್ಕ ಕೆಲಸವೇ ಕೈತಪ್ಪುತ್ತದೆ. ಇದು ಆಡಳಿತದ ಒಂದು ತೀರ್ಮಾನ, ಬೇರೆ ರೀತಿ ತೀರ್ಮಾನಿಸಲು ಬರುತ್ತದೆ. ಫಲಿತಾಂಶವನ್ನು ರಾತ್ರಿ ಹೊತ್ತು ಬಿಡಬೇಡಿ, ಕೆಲಸದ ದಿನ ಬೆಳಗ್ಗೆ ಬಿಡಿ. ಆ ದಿನ ವಾರ್ಡನ್‌ಗಳೂ ಕೌನ್ಸೆಲರ್ ಕೂಡ ಕ್ಯಾಂಪಸ್‌ನಲ್ಲೇ ಇರಲಿ. ಫಲಿತಾಂಶದ ಪುಟದಲ್ಲೇ ಮರುಮೌಲ್ಯಮಾಪನದ ದಿನಾಂಕ, ಮುಂದಿನ ಪರೀಕ್ಷೆಯ ದಿನಾಂಕ, 14416 ಮೂರೂ ಕಾಣಲಿ. ಇದಕ್ಕೆ ಬಜೆಟ್ ಬೇಡ.

ಇನ್ನೊಂದು ವಿಷಯ ಬರೆಯಲು ಕಷ್ಟ, ಬರೆಯದೆ ಬಿಟ್ಟರೆ ಪತ್ರ ಪೂರ್ತಿಯಾಗುವುದಿಲ್ಲ. ಜೀವ ತೆಗೆದುಕೊಳ್ಳಲು ಹೋಗಿ ಬದುಕಿ ಬಂದ ವಿದ್ಯಾರ್ಥಿಯನ್ನು ನಮ್ಮ ಸಂಸ್ಥೆಗಳು ಹೇಗೆ ನೋಡಿಕೊಳ್ಳುತ್ತವೆ? ಎಷ್ಟೋ ಕಡೆ ಮೊದಲು ಆಗುವ ಕೆಲಸ ಅಂದರೆ ಅಪ್ಪನನ್ನು ಕರೆಸುವುದು, ಮುಚ್ಚಳಿಕೆ ಬರೆಸಿಕೊಳ್ಳುವುದು, ಹಾಸ್ಟೆಲ್ ಖಾಲಿ ಮಾಡಿಸುವುದು. ಸಂಸ್ಥೆಯ ಹೆಸರು ಕೆಡಬಾರದು ಅನ್ನುವುದೇ ಚಿಂತೆ. 2017ರ ಕಾಯ್ದೆಯ 115ನೇ ಸೆಕ್ಷನ್ ಹೇಳುವುದೇ ಬೇರೆ. ಹಾಗೆ ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಅಂತ ತಿಳಿಯಬೇಕು, ಅವರಿಗೆ ಶಿಕ್ಷೆ ಕೊಡುವಂತಿಲ್ಲ, ಸರ್ಕಾರ ಅವರಿಗೆ ಆರೈಕೆ ಕೊಡಬೇಕು. ಕಾನೂನೇ ಶಿಕ್ಷೆ ಬೇಡ ಅಂದಮೇಲೆ ಹಾಸ್ಟೆಲ್ ನಿಯಮ ಯಾಕೆ ಶಿಕ್ಷೆ ಕೊಡಬೇಕು? ಕೆಲವರಿಗೆ ಸ್ವಲ್ಪ ದಿನ ಮನೆಗೆ ಹೋಗುವುದೇ ಒಳ್ಳೆಯದು. ಕೆಲವರಿಗೆ ಆ ಮನೆಯೇ ಕಷ್ಟದ ಮೂಲ. ಯಾವುದು ಅಂತ ಅವರನ್ನು ಕೇಳಿ, ವೈದ್ಯರನ್ನು ಕೇಳಿ ತೀರ್ಮಾನಿಸಿ. ರಜೆ ಹಾಕಿ ಹೋದವರು ತಿರುಗಿ ಬಂದಾಗ ಸೀಟು ಇರಲಿ, ಹಾಸ್ಟೆಲ್ ರೂಮು ಇರಲಿ, ಅಟೆಂಡೆನ್ಸ್‌ಗೆ ವೈದ್ಯಕೀಯ ವಿನಾಯಿತಿ ಇರಲಿ. ಟೈಫಾಯ್ಡ್ ಬಂದರೆ ಕೊಡುತ್ತೀರಲ್ಲ, ಹಾಗೆಯೇ. ಒಬ್ಬರನ್ನು ಹೊರಗೆ ಕಳಿಸಿದ್ದನ್ನು ನೋಡಿದರೆ ಉಳಿದವರು ಇನ್ನು ಬಾಯಿ ಬಿಡುವುದಿಲ್ಲ. ಆಮೇಲೆ ನಾವು ಎಷ್ಟು ಜಾಗೃತಿ ಮಾಡಿದರೂ ನೀರಿನಲ್ಲಿ ಹೋಮ.

ಇದಕ್ಕೆಲ್ಲ ಜನ ಎಲ್ಲಿಂದ ತರುವುದು ಅನ್ನುತ್ತೀರಿ. ಜನ ಇದ್ದಾರೆ. ಎನ್‌ಎಸ್‌ಎಸ್ ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು. ಅದರಲ್ಲಿ ಕೆಲವು ಗಂಟೆಗಳನ್ನು ಈ ತರಬೇತಿಗೆ ಕೊಡಿ. ನಮ್ಮಂಥ ಎಂಎಸ್‌ಡಬ್ಲ್ಯೂ ವಿದ್ಯಾರ್ಥಿಗಳು ಫೀಲ್ಡ್‌ವರ್ಕ್‌ಗೆ ವಾರ ವಾರ ಊರಾಚೆ ಹೋಗುತ್ತೇವೆ. ನಮ್ಮ ಹಾಸ್ಟೆಲ್‌ಗಳನ್ನೇ ಫೀಲ್ಡ್ ಅಂತ ಒಪ್ಪಿಕೊಳ್ಳಿ, ಮೇಲೆ ಒಬ್ಬ ತಜ್ಞರ ಉಸ್ತುವಾರಿ ಇಡಿ. ಯುವ ಸಬಲೀಕರಣ ಇಲಾಖೆಯೂ ನಿಮ್ಹಾನ್ಸೂ ಸೇರಿ ಜಿಲ್ಲೆಗಳಲ್ಲಿ ನಡೆಸುವ ಯುವ ಸ್ಪಂದನ ಇದೆ. ಅಲ್ಲಿ ಯುವಕರೇ ತರಬೇತಿ ಪಡೆದು ಯುವಕರ ಜೊತೆ ಮಾತಾಡುತ್ತಾರೆ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇದೆ. ಒಂದು ಪತ್ರ ಬರೆದು ಕರೆದರೆ ಬರುತ್ತಾರೆ. ತರಬೇತಿ ಮಾತ್ರ ಕನ್ನಡದಲ್ಲಿ ಆಗಲಿ. ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ಮನಸ್ಸಿನ ಕಾಯಿಲೆಗಳ ಬಗ್ಗೆ ಹಳ್ಳಿಯವರಿಗೂ ತಿಳಿಯುವ ಕನ್ನಡದಲ್ಲಿ ದಶಕಗಳ ಕಾಲ ಬರೆದಿದ್ದಾರೆ. ಅಷ್ಟು ಬೆಳೆ ನಮ್ಮ ಹೊಲದಲ್ಲೇ ಇರುವಾಗ ಇಂಗ್ಲಿಷ್ ಪೋಸ್ಟರ್ ಡೌನ್‌ಲೋಡ್ ಮಾಡಿ ಅಂಟಿಸುವುದು ಯಾಕೆ?

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ತರಬೇತಿ ಕೊಟ್ಟು ನಮ್ಮನ್ನು ಹಾಗೇ ಬಿಡಬೇಡಿ. ಬೇರೆಯವರ ನೋವು ಕೇಳುತ್ತಾ ಕೇಳುತ್ತಾ ಕೇಳುವವರೂ ಸೋಲುತ್ತಾರೆ. ಸ್ವಯಂಸೇವಕರಿಗೆ ಹದಿನೈದು ದಿನಕ್ಕೊಮ್ಮೆ ಕೌನ್ಸೆಲರ್ ಜೊತೆ ಕೂತು ಮಾತಾಡುವ ಅವಕಾಶ ಬೇಕು. ನನ್ನಿಂದ ಇದು ಆಗುತ್ತಿಲ್ಲ ಅಂತ ಹೇಳಿ ಹಿಂದೆ ಸರಿಯುವ ಹಕ್ಕು ಬೇಕು. ನಮ್ಮನ್ನು ತೋರಿಸಿ ಕೌನ್ಸೆಲರ್ ಹುದ್ದೆಯನ್ನು ಖಾಲಿ ಇಡುವ ಹಾಗಿದ್ದರೆ ಈ ಯೋಜನೆಯೇ ಬೇಡ.

ನನ್ನ ಜೊತೆಯ ವಿದ್ಯಾರ್ಥಿಗಳಿಗೂ ಎರಡು ಮಾತು. ಕುಲಪತಿಗಳ ಉತ್ತರ ಬರುವವರೆಗೆ ಕಾಯಬೇಡಿ. 14416 ಅಂತ ಒಂದು ಚೀಟಿಯಲ್ಲಿ ಬರೆದು ನಿಮ್ಮ ಹಾಸ್ಟೆಲ್‌ನ ನೀರಿನ ಫಿಲ್ಟರ್ ಹತ್ತಿರ ಅಂಟಿಸಿ. ಅಲ್ಲಿಗೆ ಎಲ್ಲರೂ ಬರುತ್ತಾರೆ, ನೋಡಿದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಎರಡು ದಿನ ಮೆಸ್‌ಗೆ ಬಾರದವರ ರೂಮಿನ ಬಾಗಿಲು ತಟ್ಟಿ. ಯಾರಾದರೂ ತೀರಿಹೋದಾಗ ಫೋಟೋ, ಪತ್ರ, ಹೇಗಾಯಿತು ಅನ್ನುವ ವಿವರ ಯಾವುದನ್ನೂ ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕಬೇಡಿ. ಈಗಾಗಲೇ ಕುಸಿದಿರುವ ಇನ್ನೊಬ್ಬರು ಅದನ್ನು ನೋಡುತ್ತಿರುತ್ತಾರೆ. ಯಾರಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ "ಅದೆಲ್ಲ ಯಾಕೆ, ಬಿಟ್ಟುಬಿಡು" ಅನ್ನಬೇಡಿ. ವೈದ್ಯರು ಹೇಳದೆ ಅದನ್ನು ನಿಲ್ಲಿಸಿದರೆ ಅಪಾಯ. ನಿಮಗೇ ಕಷ್ಟವಾಗುತ್ತಿದ್ದರೆ, ಈ ಪತ್ರ ಓದುತ್ತಿರುವಾಗಲೇ ಗಂಟಲು ಕಟ್ಟುತ್ತಿದ್ದರೆ, ದಯವಿಟ್ಟು ಒಬ್ಬರಿಗೆ ಹೇಳಿ. ಇವತ್ತೇ ಹೇಳಿ.

ಕುಲಪತಿಗಳೇ, ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್‌ನ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಇರಲಿ. ಈ ಸಲ ಅಕ್ಟೋಬರ್ 10ಕ್ಕೆ ಸಭಾಂಗಣ ಬುಕ್ ಮಾಡುವ ಬದಲು ಪ್ರತಿ ಹಾಸ್ಟೆಲ್‌ನಿಂದ, ಪ್ರತಿ ವಿಭಾಗದಿಂದ ಇಬ್ಬರಂತೆ ಕರೆದು ಮೊದಲ ತರಬೇತಿ ಮಾಡಿ. ಸ್ನಾತಕೋತ್ತರ ವಿಭಾಗಗಳಿಂದ ಶುರುವಾಗಿ ಒಂದೆರಡು ವರ್ಷದಲ್ಲಿ ತಾಲ್ಲೂಕಿನ ಪದವಿ ಕಾಲೇಜುಗಳಿಗೂ ಅದು ತಲುಪಬೇಕು. ಅಲ್ಲಿನ ಮಕ್ಕಳಿಗೆ ಕ್ಯಾಂಪಸ್‌ನಲ್ಲಿರುವ ನಮ್ಮಷ್ಟೂ ಆಸರೆ ಇಲ್ಲ. ಅಲ್ಲಿ ಹೆಚ್ಚಿನ ಪಾಠ ಮಾಡುವ ಅತಿಥಿ ಉಪನ್ಯಾಸಕರನ್ನೂ ತರಬೇತಿಯಿಂದ ಬಿಡಬೇಡಿ. ಮಕ್ಕಳು ಅವರ ಹತ್ತಿರವೇ ಜಾಸ್ತಿ ಮಾತಾಡುತ್ತಾರೆ.

ನಿಮ್ಮ ಉತ್ತರವನ್ನು ನನಗೆ ಕಳಿಸಬೇಕಾಗಿಲ್ಲ. ಕೌನ್ಸೆಲರ್ ಹೆಸರು, ಕೊಠಡಿ ಎಲ್ಲಿದೆ, ಎಷ್ಟು ಹೊತ್ತು ತೆರೆದಿರುತ್ತದೆ, ತರಬೇತಿ ಯಾವತ್ತು, ಇಷ್ಟನ್ನು ಕನ್ನಡದಲ್ಲಿ ಬರೆಸಿ ಎಲ್ಲ ಹಾಸ್ಟೆಲ್‌ಗಳ ನೋಟಿಸ್ ಬೋರ್ಡ್‌ಗೆ ಹಾಕಿಸಿ. ತರಬೇತಿಗೆ ಹೆಸರು ಕೊಡಲು ನಾವು ತಯಾರಿದ್ದೇವೆ.

ಇಂತಿ,
ರಾಜ್ಯದ ಒಂದು ವಿಶ್ವವಿದ್ಯಾಲಯದ ಎಂಎಸ್‌ಡಬ್ಲ್ಯೂ ವಿದ್ಯಾರ್ಥಿನಿ